ಕುದಿಸಿದರೂ ಕೆಡದ ಅಂಶ

ಒಂದು ಕಿಣ್ವ ಸತ್ತಿದೆಯೋ ಬದುಕಿದೆಯೋ ಎಂದು ತಿಳಿಯಲು ನಮಗೆ ಮೂರು ದಿನ ಬೇಕಾಗುತ್ತಿತ್ತು. ಮೊದಲ ದಿನ ಬ್ಯಾಕ್ಟೀರಿಯಾ ಅರೆಯುವುದು, ಎರಡನೆಯ ದಿನ ಆ ರಸವನ್ನು ಶುದ್ಧ ಮಾಡುವುದು, ಮೂರನೆಯ ದಿನ ಅಳೆಯುವುದು. ನಡುವೆ ಕರೆಂಟು ಹೋದರೆ, ತಣ್ಣಗಿಡಲು ಬರ್ಫದ ಗಡ್ಡೆ ಸಿಗದಿದ್ದರೆ, ಮತ್ತೆ ಮೊದಲಿನಿಂದ. ಎಂಬತ್ತರ ದಶಕದ ಮೊದಲ ವರ್ಷಗಳವು. ಹುಮನಾಬಾದಿನ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತ, ದಿನಾ ಬಸವಕಲ್ಯಾಣದಿಂದ ಬಸ್ಸಿನಲ್ಲಿ ಹೋಗಿಬರುತ್ತ, ಪಿಎಚ್‌.ಡಿ.ಗೆಂದು ನಾನು ಈ ಕೆಲಸ ಹಿಡಿದಿದ್ದೆ.

ಕಿಣ್ವ ಯಾವುದೆಂದು ಮೊದಲು ಹೇಳಬೇಕು. ಬಿ-ಒನ್ ವಿಟಮಿನ್ ನಮಗೆ ಊಟದಿಂದಲೇ ಬರಬೇಕು. ಕೆಲವು ಬ್ಯಾಕ್ಟೀರಿಯಾಗಳು ಅದನ್ನು ತಾವೇ ಕಟ್ಟಿಕೊಳ್ಳುತ್ತವೆ. ಹಲವು ಹಂತ ದಾಟಿ ಕೊನೆಗೆ, ಒಂದು ಫಾಸ್ಫೇಟ್ ಇರುವ ವಿಟಮಿನ್ನಿಗೆ ಎರಡನೆಯ ಫಾಸ್ಫೇಟನ್ನು ಜೋಡಿಸುತ್ತವೆ. ಆಮೇಲಷ್ಟೇ ಅದು ಜೀವಕೋಶದ ಉಪಯೋಗಕ್ಕೆ ಬರುತ್ತದೆ. ಆ ಎರಡನೆಯ ಫಾಸ್ಫೇಟನ್ನು ಎಟಿಪಿ ಎಂಬ ಪದಾರ್ಥದಿಂದ ತೆಗೆದು ಇದಕ್ಕೆ ಕೂಡಿಸುವ ಕಿಣ್ವ ಒಂದು ಕೈನೇಸ್. ಅದನ್ನು ಬ್ಯಾಕ್ಟೀರಿಯಾದ ರಸದಿಂದ ಬೇರ್ಪಡಿಸಿ, ಅದಕ್ಕೆ ಏನೇನು ಬೇಕು, ಏನು ಬೇಡ ಎಂದು ಬರೆಯುವುದು ನನ್ನ ವಿಷಯ. ಕೊಟ್ಟವರು ಗುಲ್ಬರ್ಗಾದಲ್ಲಿದ್ದ ನನ್ನ ಗೈಡ್. ನಿವೃತ್ತಿಗೆ ಆರೇಳು ವರ್ಷ ಉಳಿದಿದ್ದ, ಮಾತು ಕಡಿಮೆಯ ಪ್ರೊಫೆಸರು.

ಬ್ಯಾಕ್ಟೀರಿಯಾ ಬೆಳೆಸಿ, ತಣ್ಣಗಿನ ಯಂತ್ರದಲ್ಲಿ ತಿರುಗಿಸಿ ಮುದ್ದೆ ಮಾಡುವುದು ಗುಲ್ಬರ್ಗಾದಲ್ಲಿ ಆಗುತ್ತಿತ್ತು. ರಜೆಯ ದಿನ ಹೋಗಿ ಆ ಮುದ್ದೆಯನ್ನು ಬರ್ಫ ತುಂಬಿದ ಥರ್ಮಾಸಿನಲ್ಲಿಟ್ಟು, ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ತರುತ್ತಿದ್ದೆ. ಉಳಿದ ಕೆಲಸವೆಲ್ಲ ಹುಮನಾಬಾದಿನಲ್ಲಿ. ಕಾಲೇಜಿನ ಹಿಂದಿನ ಒಂದು ಕೋಣೆಯನ್ನು ಪ್ರಿನ್ಸಿಪಾಲರು ಬಿಟ್ಟುಕೊಟ್ಟಿದ್ದರು. ಒಂದು ಸಣ್ಣ ಫ್ರಿಜ್, ಒಂದು ಹಳೆಯ ಸೆಂಟ್ರಿಫ್ಯೂಜ್, ಗುಲ್ಬರ್ಗಾದವರು ಬೇಡವೆಂದು ತೆಗೆದಿಟ್ಟಿದ್ದ, ಗ್ಯಾಸ್ ಅಳೆಯುವ ಗಾಜಿನ ಮಾನೋಮೀಟರು. ಮತ್ತೆ ಅಟೆಂಡರು.

ಅಟೆಂಡರು ಬೇಮಳಖೇಡದವರು, ಐವತ್ತರ ಹತ್ತಿರ ಇದ್ದರು. ದಿನಾ ಹಳ್ಳಿಯಿಂದ ಬಂದುಹೋಗುತ್ತಿದ್ದರು. ನಾನು ಅವರಿಗೆ ಕಾಕಾ ಎನ್ನುತ್ತಿದ್ದೆ. ಹೊಲದಲ್ಲಿ ಕೂಲಿ ಮಾಡಿದ ಮನೆತನ. ಅವರ ತಂದೆಯ ಕಾಲಕ್ಕೆ ಮನೆಯವರೆಲ್ಲ ಬೌದ್ಧರಾಗಿದ್ದರು. ಗೋಡೆಗೆ ಬಾಬಾಸಾಹೇಬರ ಫೋಟೋ ಹಾಕಿ, ಮಕ್ಕಳನ್ನು ಶಾಲೆಗೆ ಹಾಕಿದ್ದೇ ತಂದೆ ಮಾಡಿದ ದೊಡ್ಡ ಕೆಲಸ ಎಂದು ಹೇಳುತ್ತಿದ್ದರು. ಏಳನೆಯ ಇಯತ್ತೆಯವರೆಗೆ ಓದಿದ್ದರು. ಅಕ್ಷರ ಮಾತ್ರ ನನ್ನದಕ್ಕಿಂತ ಚೆಂದ. ಶೀಸೆಗಳ ಮೇಲಿನ ಚೀಟಿಯೆಲ್ಲ ಅವರೇ ಬರೆಯುತ್ತಿದ್ದರು. ಸಂಶೋಧನೆಯ ಕೆಲಸ ಅವರ ಡ್ಯೂಟಿಯಲ್ಲಿ ಇರಲಿಲ್ಲ. ನಾನು ಕೇಳಿರಲೂ ಇಲ್ಲ. ಮೊದಲ ವಾರ ನಾನು ಒಬ್ಬಳೇ ಬ್ಯಾಕ್ಟೀರಿಯಾ ಅರೆಯುತ್ತಿದ್ದುದನ್ನು ಬಾಗಿಲಲ್ಲಿ ನಿಂತು ನೋಡಿ, "ಸರೀರಿ ಮೇಡಂ, ನಿಮ್ಮ ಕೈ ನಡುಗಾಕತ್ತದ" ಎಂದು ಒರಳಿನ ಗುಂಡು ಇಸಿದುಕೊಂಡರು. ಅಂದಿನಿಂದ ಅರೆಯುವ ಕೆಲಸ ಅವರದಾಯಿತು.

ಅರೆಯುವುದೆಂದರೆ ಬರ್ಫದ ಮೇಲೆ ಇಟ್ಟ ಪಿಂಗಾಣಿ ಒರಳಿನಲ್ಲಿ ಮುದ್ದೆಗೆ ಅಲ್ಯೂಮಿನಾ ಪುಡಿ ಸೇರಿಸಿ, ಅದು ಅಂಟಾಗಿ ಚಟ್‌ಚಟ್ ಸದ್ದು ಮಾಡುವ ತನಕ ತಿಕ್ಕುವುದು. ಜೀವಕೋಶ ಒಡೆದ ಗುರುತು ಅದು. ಬರ್ಫ ಮಾಣಿಕನಗರದ ದಾರಿಯ ಒಂದು ಕಾರ್ಖಾನೆಯಿಂದ ಬರುತ್ತಿತ್ತು. ಕಾಕಾ ಸೈಕಲ್ಲಿನ ಹಿಂದೆ ಗೋಣಿಚೀಲದಲ್ಲಿ ಕಟ್ಟಿಕೊಂಡು ತರುವಷ್ಟರಲ್ಲಿ ಬೇಸಿಗೆಯಲ್ಲಿ ಮೂರರಲ್ಲೊಂದು ಪಾಲು ನೀರು. ಮಾಣಿಕನಗರದ ಗುಡಿಗೆ ಮಂದಿ ಸೇರುವ ದಿನಗಳಲ್ಲಿ ಎಲ್ಲ ಬರ್ಫವೂ ಶರಬತ್ತಿನವರಿಗೇ ಹೋಗುತ್ತಿತ್ತು. ಚಳಿಗಾಲದಲ್ಲಿ ಕಾರ್ಖಾನೆಯೇ ಬಂದ್.

ಮೊದಲ ವರ್ಷ ಕೆಲಸ ನಡೆಯಿತು. ಅರೆದ ರಸದಲ್ಲಿ ಕಿಣ್ವ ಚೆನ್ನಾಗಿತ್ತು. ಅದಕ್ಕೆ ಅಮೋನಿಯಂ ಸಲ್ಫೇಟ್ ಉಪ್ಪು ಸ್ವಲ್ಪ ಸ್ವಲ್ಪ ಸೇರಿಸಿ, ನಮಗೆ ಬೇಕಾದ ಭಾಗವನ್ನು ತಳಕ್ಕೆ ಇಳಿಸಿದಾಗಲೂ ಚೆನ್ನಾಗಿತ್ತು. ಆಮೇಲೆ ಆ ಉಪ್ಪನ್ನು ಕಳೆಯಬೇಕು. ಅದಕ್ಕೆ ಸೆಲೋಫೇನಿನ ಚೀಲದಲ್ಲಿ ರಸ ತುಂಬಿ, ಎರಡೂ ಬಾಯಿ ಕಟ್ಟಿ, ತಣ್ಣನೆಯ ದ್ರಾವಣದಲ್ಲಿ ಇಳಿಬಿಡುತ್ತೇವೆ. ಕಿಣ್ವ ದೊಡ್ಡದು, ಚೀಲದಲ್ಲೇ ಉಳಿಯುತ್ತದೆ. ಉಪ್ಪು ಹೊರಗೆ ಹೋಗುತ್ತದೆ. ಮರುದಿನ ಚೀಲ ಬಿಚ್ಚಿ ಅಳೆದರೆ ಏನೂ ಇಲ್ಲ. ಕಿಣ್ವ ಸತ್ತುಹೋಗಿತ್ತು.

ಅಳೆಯುವ ಬಗೆ ಹೀಗಿತ್ತು. ನಮ್ಮ ಕಿಣ್ವ ಪೂರ್ತಿ ವಿಟಮಿನ್ ತಯಾರಿಸಿದ್ದರೆ, ಅದನ್ನು ಈಸ್ಟಿನಿಂದ ತೆಗೆದ ಇನ್ನೊಂದು ಕಿಣ್ವಕ್ಕೆ ಕೊಡುತ್ತೇವೆ. ಆ ವಿಟಮಿನ್ ಸಿಕ್ಕಷ್ಟೂ ಅದು ಗ್ಯಾಸ್ ಬಿಡುತ್ತದೆ. ಗ್ಯಾಸಿನ ಒತ್ತಡಕ್ಕೆ ಗಾಜಿನ ನಳಿಗೆಯಲ್ಲಿ ಬಣ್ಣದ ನೀರು ಏರುತ್ತದೆ. ಐದೈದು ನಿಮಿಷಕ್ಕೆ ಅದನ್ನು ಓದಿ ಬರೆಯಬೇಕು. ಅಲ್ಲಿಯ ತನಕ ಬಾಟಲಿಗಳು ಬಿಸಿನೀರಿನಲ್ಲಿ ಅಲುಗಾಡುತ್ತಲೇ ಇರಬೇಕು. ಕರೆಂಟು ಹೋದಾಗ ಕಾಕಾ ಕೈಯಿಂದ ಅಲುಗಿಸುತ್ತಿದ್ದರು. ಸಿದ್ಧ ವಿಟಮಿನ್ನನ್ನೇ ಹಾಕಿ ನೋಡಿದಾಗ ನೀರು ಸರಿಯಾಗಿ ಏರಿತು. ಹಾಗಾಗಿ ತಪ್ಪು ಈಸ್ಟಿನದಲ್ಲ, ನಮ್ಮ ಚೀಲದಲ್ಲೇ ಏನೋ ಆಗುತ್ತಿತ್ತು.

ಬರ್ಫ ಸಾಲದೆ ಕೆಟ್ಟಿತೆಂದು ಮೊದಲು ತಿಳಿದೆವು. ಬರ್ಫ ದುಪ್ಪಟ್ಟು ಮಾಡಿದೆವು. ಚೀಲ ಬದಲಿಸಿದೆವು. ಐದು ತಿಂಗಳು ಹಾಗೆ ಹೋಯಿತು. ಆಮೇಲೆ ಗೈಡ್ ಒಂದು ಮಾತು ಬರೆದು ಕಳಿಸಿದರು: ಹಸಿ ರಸವನ್ನು ಚೆನ್ನಾಗಿ ಕುದಿಸಿ, ಅದರಲ್ಲಿನ ಕಿಣ್ವಗಳನ್ನೆಲ್ಲ ಕೊಂದು, ಸೋಸಿ, ಆ ತಿಳಿಯನ್ನು ಸತ್ತ ಕಿಣ್ವಕ್ಕೆ ಸೇರಿಸಿ ನೋಡಿರಿ.

ಸೇರಿಸಿದೆವು. ಬಣ್ಣದ ನೀರು ಏರಿತು. ಕುದಿಸಿದ ತಿಳಿಯಲ್ಲಿ ಮೊದಲೇ ಇದ್ದ ವಿಟಮಿನ್ನಿನ ಲೆಕ್ಕ ಕಳೆದರೂ ಏರಿತು. ಕಿಣ್ವ ಸತ್ತಿರಲಿಲ್ಲ. ಅದಕ್ಕೆ ಜೊತೆಯಲ್ಲಿ ಬೇಕಾದ ಏನೋ ಒಂದು ಸಣ್ಣ ಅಂಶ ಚೀಲದಿಂದ ಹೊರಗೆ ಹೋಗಿಬಿಡುತ್ತಿತ್ತು. ಅದು ಕುದಿಸಿದರೂ ಕೆಡುತ್ತಿರಲಿಲ್ಲ.

ಗುಲ್ಬರ್ಗಾಕ್ಕೆ ಹೋಗಿ ಅಂಕಿ ತೋರಿಸಿದೆ. ಗೈಡ್ ಅಷ್ಟು ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು. "ನೋಡ್ರಿ, ಇದು ಹೊಸಾ ಸಹಾಯಕ ಪದಾರ್ಥ ಇರಬೇಕು. ಇದನ್ನ ಶುದ್ಧ ಮಾಡಿ, ರಚನಾ ಏನು ಅಂತ ತಗದ್ರ, ಇಷ್ಟು ವರ್ಷ ನಾ ಮಾಡಿದ್ದೆಲ್ಲ ಒಂದು ಕಡೆ, ಇದೊಂದು ಕಡೆ." ಅವರು ತಾವೇ ಎದ್ದು ಹೋಗಿ ಚಹಾ ಹೇಳಿ ಬಂದರು.

ಮುಂದಿನ ಎರಡು ವರ್ಷ ಆ ಅಂಶದ ಹಿಂದೆ ಬಿದ್ದೆ. ಇದ್ದಿಲ ಪುಡಿಯ ಮೂಲಕ ಹಾಯಿಸಿದೆ. ಬಹಳಷ್ಟು ಪದಾರ್ಥಗಳು ಇದ್ದಿಲಿಗೆ ಅಂಟುತ್ತವೆ, ಇದು ಅಂಟದೆ ದಾಟಿ ಬಂತು. ಈಥರ್ ಹಾಕಿ ಎಳೆದರೆ ಈಥರಿಗೆ ಬರಲಿಲ್ಲ, ನೀರಲ್ಲೇ ಉಳಿಯಿತು. ಹುಳಿ ಹಾಕಿ ಕಾಯಿಸಿದೆ, ಕ್ಷಾರ ಹಾಕಿ ಕಾಯಿಸಿದೆ, ಕೆಡಲಿಲ್ಲ. ಕಾಗದದ ಮೇಲೆ ಹರಿಸಿ ಬೇರ್ಪಡಿಸಿ, ಏನೇನೋ ಬಣ್ಣ ಸಿಂಪಡಿಸಿದರೂ ಅದರ ಗುರುತು ಹತ್ತಲಿಲ್ಲ. ಪ್ರತಿ ಪ್ರಯೋಗಕ್ಕೂ ಮತ್ತೆ ಮೂರು ದಿನ. ಮತ್ತೆ ಥರ್ಮಾಸು, ಬರ್ಫ, ಒರಳು. ಮುಂಜಾನೆ ಆರರ ಬಸ್ಸಿಗೆ ಹೊರಟರೆ ಮನೆ ಮುಟ್ಟುವಾಗ ದೀಪ ಹಚ್ಚಿರುತ್ತಿದ್ದರು. ನಮ್ಮ ಮನೆಯವರು ಕಲ್ಯಾಣದಲ್ಲೇ ಶಾಲೆ ಮಾಸ್ತರರು. ರೊಟ್ಟಿ ಬಡಿಯುವುದೊಂದು ಬಿಟ್ಟು ಉಳಿದ ಅಡಿಗೆಯನ್ನೆಲ್ಲ ಆ ವರ್ಷಗಳಲ್ಲಿ ಕಲಿತುಬಿಟ್ಟರು. ರಟ್ಟೆ ನೋವು, ಕಣ್ಣುರಿ. ಕ್ಲಾಸಿನಲ್ಲಿ ನಿಂತು ಪಾಠ ಹೇಳುವಾಗ ವಾಕ್ಯದ ನಡುವೆ ಮಾತು ಮರೆತು ಸುಮ್ಮನೆ ನಿಂತಿದ್ದೂ ಉಂಟು. ಹುಡುಗಿಯರು ನೀರು ತಂದು ಕೊಡುತ್ತಿದ್ದರು.

ನೋಂದಣಿಯ ಅವಧಿ ಇನ್ನೊಂದು ವರ್ಷ ಉಳಿದಿತ್ತು. ಅಷ್ಟರಲ್ಲಿ ಬರೆದು ಕೊಡದಿದ್ದರೆ ಅಷ್ಟೂ ವರ್ಷದ ದುಡಿಮೆ ನೀರಲ್ಲಿ ಹೋದಂತೆ. ಗೈಡ್ ಆಗಲೇ ಚಳಿಗಾಲದ ಒಂದು ಸಮ್ಮೇಳನಕ್ಕೆ ನಮ್ಮ ಅಂಶದ ಬಗ್ಗೆ ಸಾರಾಂಶ ಕಳಿಸಿದ್ದರು.

ಒಂದು ಮಧ್ಯಾಹ್ನ ಊಟದ ಡಬ್ಬಿ ಬಿಚ್ಚದೆ ಕುಳಿತಿದ್ದೆ. ಕಾಕಾ ತೊಳೆದ ಶೀಸೆಗಳಿಗೆ ಚೀಟಿ ಅಂಟಿಸುತ್ತ ಹಳೆಯ ಚೀಟಿಗಳನ್ನು ಓದುತ್ತಿದ್ದರು.

"ಕುದಿಸಿದ್ದು. ಹುಳಿ ಹಾಕಿದ್ದು. ಇದ್ದಿಲದಾಗಿಂದ ತಗದದ್ದು. ಈಥರ್ ಹಾಕಿದ್ದು," ಎಂದರು. "ಮೇಡಂ, ಇದಕ್ಕ ಎಲ್ಲಾ ಮಾಡಿ ನೋಡೀವಿ. ಸುಡೂದೊಂದೇ ಉಳದದ ನೋಡ್ರಿ."

ಅವರು ನಗೆಗೆ ಅಂದದ್ದು. ನನಗೆ ನಗು ಬರಲಿಲ್ಲ.

ಆ ಯೋಚನೆ ನನಗೆ ಹೊಳೆದಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ರಸಾಯನಶಾಸ್ತ್ರ ಓದಿದವರಿಗೆ ಅದು ಮೊದಲ ಪಾಠಗಳಲ್ಲಿ ಒಂದು. ಜೀವಿಯಲ್ಲಿ ಹುಟ್ಟಿದ ವಿಟಮಿನ್ನಿನಂಥ ಪದಾರ್ಥವಾದರೆ ಸುಟ್ಟರೆ ಹೊಗೆಯಾಗಿ ಹೋಗುತ್ತದೆ. ಬೂದಿಯಾದ ಮೇಲೂ ಉಳಿದರೆ ಅದು ಬರೀ ಉಪ್ಪು, ಲವಣ. ಇದ್ದಿಲಿಗೆ ಅಂಟದ್ದು, ಈಥರಿಗೆ ಬಾರದ್ದು, ಹುಳಿಗೂ ಕ್ಷಾರಕ್ಕೂ ಜಗ್ಗದ್ದು ಏನಿರಬಹುದೆಂದು ಎಂಟು ತಿಂಗಳ ಹಿಂದೆಯೇ ನನ್ನ ತಲೆಗೆ ಬಂದಿತ್ತು. ಒಂದು ಅರ್ಧ ದಿನದ ಪ್ರಯೋಗ. ಎಂಟು ತಿಂಗಳು ಅದಕ್ಕೆ ಪುರುಸೊತ್ತು ಸಿಗಲಿಲ್ಲ ಎಂದು ನನಗೆ ನಾನೇ ಹೇಳಿಕೊಂಡು ಬಂದಿದ್ದೆ.

"ಕಾಕಾ, ಮೂಸೆ ತಗೊಂಡ ಬರ್ರಿ," ಎಂದೆ.

ಕಾಕಾ ನನ್ನ ಮುಖ ನೋಡಿದರು. "ಖರೇನೇ ಸುಡ್ತೀರೇನು?"

"ಹೌದು."

ಕುದಿಸಿದ ತಿಳಿಯ ಒಂದು ಅಳತೆಯನ್ನು ಪಿಂಗಾಣಿ ಮೂಸೆಯಲ್ಲಿ ಬತ್ತಿಸಿದೆವು. ಕಂದು ಬಣ್ಣದ ಅಂಟಾಯಿತು. ಬರ್ನರ್ ದೊಡ್ಡದು ಮಾಡಿದಾಗ ಉಬ್ಬಿ, ಕೂದಲು ಸುಟ್ಟ ವಾಸನೆ ಬಿಟ್ಟು, ಕರಿಯಾಯಿತು. ಕಾಕಾ ಕಿಟಕಿ ತೆರೆದರು. ಮೂಸೆ ಕೆಂಪಾಗುವ ತನಕ ಕಾಯಿಸುತ್ತಲೇ ಇದ್ದೆವು. ಎರಡು ತಾಸಿನ ಮೇಲೆ ತಳದಲ್ಲಿ ಬಿಳಿಯ ಬೂದಿ ಚೂರು ಉಳಿಯಿತು, ಉಗುರಿನ ಮೇಲೆ ಹಿಡಿಸುವಷ್ಟು. ಅದನ್ನು ಎರಡು ಹನಿ ಹುಳಿಯಲ್ಲಿ ಕರಗಿಸಿ, ಸೋಡಿಯಂ ಕ್ಷಾರದಿಂದ ಸರಿಮಾಡಿ, ಮೊದಲಿನ ಅಳತೆಗೇ ನೀರು ಬೆರೆಸಿದೆ.

ಕಿಣ್ವ ಫ್ರಿಜ್ಜಿನಲ್ಲಿ ಸಿದ್ಧವಿತ್ತು. ಮರುದಿನ ನಾಲ್ಕು ಬಾಟಲಿ ಇಟ್ಟೆವು. ಒಂದರಲ್ಲಿ ಬರೀ ಕಿಣ್ವ, ಒಂದರಲ್ಲಿ ಕಿಣ್ವಕ್ಕೆ, ಇದ್ದಿಲಿನಲ್ಲಿ ಹಾಯಿಸಿ ವಿಟಮಿನ್ ಕಳೆದಿದ್ದ, ಕುದಿಸಿದ ತಿಳಿ, ಒಂದರಲ್ಲಿ ಕಿಣ್ವಕ್ಕೆ ಬೂದಿಯ ನೀರು, ಕೊನೆಯದರಲ್ಲಿ ಕಿಣ್ವವಿಲ್ಲದೆ ಬರೀ ಬೂದಿಯ ನೀರು. ಐದು ನಿಮಿಷ, ಹತ್ತು ನಿಮಿಷ. ಮೊದಲನೆಯದೂ ಕೊನೆಯದೂ ಅಲುಗಲಿಲ್ಲ. ಎರಡನೆಯದು ಏರಿತು. ಮೂರನೆಯದು ಅದರ ಪಕ್ಕದಲ್ಲೇ, ಗೆರೆಗೆ ಗೆರೆ, ಏರಿತು. ನಾನು ಓದಿ ಹೇಳುತ್ತಿದ್ದೆ, ಕಾಕಾ ಬರೆದುಕೊಳ್ಳುತ್ತಿದ್ದರು. ಇಪ್ಪತ್ತು ನಿಮಿಷದ ಅಂಕಿ ಬರೆದು ಅವರು ಪೆನ್ನು ಕೆಳಗಿಟ್ಟರು.

"ಎರಡೂ ಒಂದೇ ಅದಾವಲ್ರಿ."

"ಒಂದೇ ಅದಾವು."

"ಹಂಗಂದ್ರ ಛಲೋ ಏನು, ಖರಾಬ್ ಏನು?"

ನಾನು ಸ್ಟೂಲಿನ ಮೇಲೆ ಕುಳಿತೆ. ಖರೆ ಹೇಳಬೇಕೆಂದರೆ ಅಳು ಬರಲಿಲ್ಲ, ಸಿಟ್ಟೂ ಬರಲಿಲ್ಲ. ಅಲ್ಲೇ ನೆಲದ ಮೇಲೆ ಮಲಗಬೇಕೆನಿಸಿತು.

ಯಾವ ಲವಣ ಎಂದು ಕಂಡುಹಿಡಿಯಲು ಒಂದು ವಾರ ಸಾಕಾಯಿತು. ಮೆಗ್ನೀಸಿಯಂ ನಾವು ಮೊದಲಿನಿಂದಲೂ ಹಾಕುತ್ತಿದ್ದೆವು. ಸೋಡಿಯಂ ಉಪ್ಪು ಹಾಕಿದರೆ ಏನೂ ಇಲ್ಲ. ಪೊಟ್ಯಾಸಿಯಂ ಹಾಕಿದರೆ ಬಣ್ಣದ ನೀರು ಏರಿತು. ಅಮೋನಿಯಂ ಹಾಕಿದರೂ ಏರಿತು. ಅಮೋನಿಯಂ ಸಲ್ಫೇಟ್ ಇದ್ದಷ್ಟು ಹೊತ್ತು ಕಿಣ್ವ ಚೆನ್ನಾಗಿದ್ದು, ಅದನ್ನು ಕಳೆದ ಕೂಡಲೇ ಸತ್ತಂತೆ ಬೀಳುತ್ತಿದ್ದುದು ಯಾಕೆಂದು ಆಗ ತಿಳಿಯಿತು. ಹಳೆಯ ನೋಟ್‌ಬುಕ್ಕು ತೆಗೆದು ಹಿಂದಕ್ಕೆ ತಿರುವಿದೆ. ಎರಡನೆಯ ವರ್ಷದ ಒಂದು ಪುಟದಲ್ಲಿ ಯಾವ ಅಂಶವನ್ನೂ ಸೇರಿಸದ ಬಾಟಲಿಯಲ್ಲೂ ನೀರು ಏರಿದ್ದು ದಾಖಲಾಗಿತ್ತು. ಅಂದು ಸೋಡಿಯಂ ಕ್ಷಾರ ಮುಗಿದಿದ್ದರಿಂದ, ದ್ರಾವಣದ ಹುಳಿ ಸರಿಮಾಡಲು ಪೊಟ್ಯಾಸಿಯಂ ಕ್ಷಾರ ಬಳಸಿದ್ದೆ. ಕೆಳಗೆ ನನ್ನದೇ ಕೈಬರಹದಲ್ಲಿ "ಎಲ್ಲೋ ತಪ್ಪಾಗಿದೆ, ಬಿಡಬೇಕು" ಎಂದಿತ್ತು. ಇಡೀ ಪುಟದ ಮೇಲೆ ಅಡ್ಡಗೆರೆ.

ಗುಲ್ಬರ್ಗಾಕ್ಕೆ ಹೋಗಿ ಗೈಡ್ ಮುಂದೆ ನೋಟ್‌ಬುಕ್ಕು ಇಟ್ಟೆ. ಅವರು ಪುಟ ತಿರುವಿ ಎರಡು ಸಲ ಓದಿದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಎಷ್ಟು ಸಲ ಮಾಡೀರಿ?"

"ಮೂರು ಸಲ, ಸರ್."

"ಸಮ್ಮೇಳನ ಇನ್ನ ಆರು ವಾರ ಅದ."

"ಹೌದ್ರಿ."

ಅವರು ನೋಟ್‌ಬುಕ್ಕು ಮುಚ್ಚಿ ನನ್ನ ಕಡೆ ಸರಿಸಿದರು. ಆಮೇಲೆ, ನನ್ನನ್ನು ನೋಡದೆ, ಸಮಾಧಾನದಿಂದಲೇ ಹೇಳಿದರು. "ಈ ಬೂದಿ ಪುಟ ಥೀಸಿಸ್‌ನ್ಯಾಗ ಬರಲೇಬೇಕು ಅಂತೇನಿಲ್ಲ. ಕುದಿಸಿದರೂ ಕೆಡದ ಅಂಶ ಒಂದು ಅದ ಅಂತ ನೀವು ತೋರಿಸೀರಿ. ಅದು ಏನು ಅಂತ ಗುರುತಿಸೂದು ಮುಂದಿನವರ ಕೆಲಸ ಅಂತ ಬರೀರಿ. ಅದರಾಗ ಒಂದಕ್ಷರ ಸುಳ್ಳಿಲ್ಲ."

ಒಂದಕ್ಷರ ಸುಳ್ಳಿಲ್ಲ ಎಂಬುದು ನನಗೂ ಗೊತ್ತಿತ್ತು. ನನಗೆ ತೊಡಕಾದದ್ದೇ ಅದು.

"ನನಗ ಗೊತ್ತಾಗ್ಯದಲ್ಲ ಸರ್," ಎಂದೆ. "ಗೊತ್ತಿಲ್ಲ ಅಂತ ಹ್ಯಾಂಗ ಬರೀಲಿ?"

"ಬರೀದಿದ್ರ ಡಿಗ್ರಿ ಬರ್ತದ. ಬರದ್ರ ಬರ್ತದೋ ಇಲ್ಲೋ ನಾ ಹೇಳಂಗಿಲ್ಲ. ಒಂದು ವಾರ ವಿಚಾರ ಮಾಡ್ರಿ."

ವಾರವೆಲ್ಲ ವಿಚಾರ ಮಾಡಿದೆ. ಮನೆಯವರಿಗೆ ಹೇಳಿದಾಗ ಅವರು, "ನೌಕರಿ ಹೋಗ್ತದೇನು?" ಎಂದು ಕೇಳಿದರು. ಇಲ್ಲ ಎಂದೆ. "ಮತ್ತ ನಿನಗ ಹ್ಯಾಂಗ ನಿದ್ದಿ ಬರ್ತದೋ ಹಂಗ ಮಾಡು," ಎಂದರು. ಅಂಥ ದೊಡ್ಡ ಧೈರ್ಯವೇನೂ ನನ್ನಲ್ಲಿ ಇರಲಿಲ್ಲ. ಗೊತ್ತಿದ್ದದ್ದನ್ನು ಗೊತ್ತಿಲ್ಲವೆಂದು ನೂರು ಪುಟ ಬರೆಯುವಷ್ಟು, ಆಮೇಲೆ ಯಾರಾದರೂ ಕೇಳಿದಾಗಲೆಲ್ಲ ಅದನ್ನೇ ಹೇಳುವಷ್ಟು ಶಕ್ತಿ ಉಳಿದಿರಲಿಲ್ಲ. ಬೂದಿಯ ಪುಟ ಇರಲೇಬೇಕೆಂದು ಗೈಡ್‌ಗೆ ಅರ್ಧ ಪುಟದ ಪತ್ರ ಬರೆದೆ. ಅಂಚೆಗೆ ಹಾಕಿದವರು ಕಾಕಾ.

ಮೂರು ತಿಂಗಳು ಉತ್ತರ ಬರಲಿಲ್ಲ. ನಾನೂ ಗುಲ್ಬರ್ಗಾಕ್ಕೆ ಹೋಗಲಿಲ್ಲ. ಸಮ್ಮೇಳನದ ದಿನಗಳು ಬಂದು ಹೋದವು. ಅವರು ಅಲ್ಲಿ ಏನು ಓದಿದರೋ ಎಂದು ಕೇಳುವ ಧೈರ್ಯ ಆಗಲಿಲ್ಲ. ಹೊಸ ಮುದ್ದೆ ಇರಲಿಲ್ಲವಾದ್ದರಿಂದ ಹಿಂದಿನ ಕೋಣೆಗೆ ಬೀಗ ಹಾಕಿದ್ದೆವು. ಕಾಕಾ ವಾರಕ್ಕೊಮ್ಮೆ ತೆಗೆದು ಧೂಳು ಹೊಡೆಯುತ್ತಿದ್ದರು.

ಆಮೇಲೆ ಒಂದು ಕಾರ್ಡು ಬಂತು. ಗೈಡ್ ಅಕ್ಷರದಲ್ಲಿ ನಾಲ್ಕೇ ಸಾಲು. ಸಮ್ಮೇಳನದಿಂದ ಸಾರಾಂಶ ಹಿಂದೆಗೆದುಕೊಂಡೆ. ಅವಧಿ ಒಂದು ವರ್ಷ ವಿಸ್ತರಿಸಲು ಅರ್ಜಿ ಕೊಟ್ಟಿದ್ದೇನೆ, ನೀವು ಬಂದು ಸಹಿ ಮಾಡಬೇಕು. ಪೊಟ್ಯಾಸಿಯಂ ಎಷ್ಟು ಬೇಕೆಂದು ಅಳತೆ ಮಾಡೋಣ. ಮುದ್ದೆ ಸಿದ್ಧವಿದೆ.

ಆ ವರ್ಷವೂ ದಣಿವಿನದೇ. ಆದರೆ ಅಂಕಿಗಳು ಹೇಳಿದ ಮಾತು ಕೇಳುತ್ತಿದ್ದವು. ಪೊಟ್ಯಾಸಿಯಂ ಹೆಚ್ಚಿಸಿದಷ್ಟು ಕಿಣ್ವದ ಕೆಲಸ ಹೆಚ್ಚಿ, ಒಂದು ಮಟ್ಟಕ್ಕೆ ಬಂದು ನಿಂತಿತು. ಬರೆಯುವ ಹೊತ್ತಿಗೆ ಹೈದರಾಬಾದಿನ ಒಂದು ಲೈಬ್ರರಿಯಲ್ಲಿ, ನಮ್ಮಲ್ಲಿಗೆ ಬಾರದ ಒಂದು ಪತ್ರಿಕೆಯ ಹಳೆಯ ಸಂಪುಟ ಸಿಕ್ಕಿತು. ಹೊರದೇಶದವರು ಈ ಕಿಣ್ವಕ್ಕೆ ಇಂಥ ಲವಣ ಬೇಕೆಂದು ಎಷ್ಟೋ ವರ್ಷಗಳ ಮೊದಲೇ ಬರೆದಿದ್ದರು. ಎರಡು ಸಾಲಿನ ಮಾತು. ಅದನ್ನು ನಿಂತೇ ಓದಿ, ಚೀಟಿಯಲ್ಲಿ ಬರೆದುಕೊಂಡು, ಥೀಸಿಸ್ಸಿನ ಮೊದಲ ಅಧ್ಯಾಯದಲ್ಲೇ ಸೇರಿಸಿದೆ. ನನ್ನ ಪಾಲಿಗೆ ಹೊಸದೆಂದು ಉಳಿದದ್ದು ಕೆಲವು ಅಳತೆಗಳು ಮಾತ್ರ. ಗೈಡ್ ಆ ಅಧ್ಯಾಯ ಓದಿ ಏನೂ ತಿದ್ದಲಿಲ್ಲ.

ಮೌಖಿಕ ಪರೀಕ್ಷೆಗೆ ತಮಿಳುನಾಡಿನ ಕಡೆಯ ಒಬ್ಬ ವಯಸ್ಸಾದ ಪರೀಕ್ಷಕರು ಬಂದಿದ್ದರು. ಒಂದು ತಾಸು ಕೇಳಿದರು. ಅಳತೆಯ ಬಗ್ಗೆ, ಚೀಲದ ಬಗ್ಗೆ, ಈಸ್ಟಿನ ಬಗ್ಗೆ. ಕೊನೆಗೆ ಪುಸ್ತಕ ಮುಚ್ಚುತ್ತ ಕೇಳಿದರು, ಸುಟ್ಟು ನೋಡಬೇಕೆಂದು ನಿಮಗೆ ಯಾವಾಗ ಅನಿಸಿತು?

ಗೈಡ್ ನನ್ನ ಕಡೆ ನೋಡಿದರು.

"ಸುಡುವುದಕ್ಕಿಂತ ಎಂಟು ತಿಂಗಳು ಮೊದಲು," ಎಂದೆ.

"ಮತ್ತೆ ಯಾಕೆ ತಡವಾಯಿತು?"

"ಉತ್ತರ ಏನು ಬರುತ್ತದೆಂದು ಗೊತ್ತಿತ್ತು. ಬರದಿರಲಿ ಅಂತಿದ್ದೆ."

ಅವರು ಕಾಗದದ ಮೇಲೆ ಏನೋ ಬರೆದರು. ಮುಂದೆ ಪ್ರಶ್ನೆ ಕೇಳಲಿಲ್ಲ. ಡಿಗ್ರಿ ಬಂತು.

ಅಂದು ಸಂಜೆ ಗೈಡ್ ತಾವೇ ನನ್ನ ಜೊತೆ ಬಸ್‌ಸ್ಟ್ಯಾಂಡಿನ ತನಕ ನಡೆದು ಬಂದರು. ಹಿಂದೆಂದೂ ಬಂದವರಲ್ಲ. ಕಲ್ಯಾಣದ ಬಸ್ಸು ನಿಂತಿತ್ತು. ನಾನು ನಮಸ್ಕಾರ ಮಾಡಿ ಹತ್ತಲು ಹೋದಾಗ ಅವರು ಬಾಗಿಲ ಹತ್ತಿರ ನಿಂತು, ಮೆಲ್ಲಗೆ ಅಂದರು: "ಆ ಪ್ರಶ್ನೆ ನನಗ ಕೇಳಿದ್ರ ನಾನೂ ಅದನ್ನೇ ಹೇಳಬೇಕಾಗ್ತಿತ್ತು. ನೀವು ಇದ್ದಿಲು ಪ್ರಯೋಗ ತೋರಿಸಿದ ದಿನಾನ ನನಗ ಗೊತ್ತಾಗಿತ್ತು."

ಅವರು ಉತ್ತರಕ್ಕೆ ಕಾಯಲಿಲ್ಲ. ಕೈಯೆತ್ತಿ, ತಿರುಗಿ ನಡೆದರು. ನಾನು ಕಿಟಕಿಯ ಪಕ್ಕ ಕುಳಿತು, ಅವರು ರಸ್ತೆ ದಾಟುವುದನ್ನು ನೋಡುತ್ತಿದ್ದದ್ದು ನೆನಪಿದೆ. ಬಸ್ಸು ಹೊರಟದ್ದು ನೆನಪಿಲ್ಲ, ದಾರಿಯೂ ನೆನಪಿಲ್ಲ. ಕಂಡಕ್ಟರು ಸೀಟಿನ ಸರಳು ಬಡಿದು ಎಬ್ಬಿಸಿದರು.

"ಏಳ್ರಿ ಬಾಯಾರ, ಕಲ್ಯಾಣ ಬಂತು. ಮಂದಿ ಎಲ್ಲಾ ಇಳದು ಹೋದ್ರು."